ಹೆಸರು ಹೇಳಿ ಒಡೆದ ಮೊಟ್ಟೆ

ಅಕ್ಕಿಹೆಬ್ಬಾಳಿನ ಯಶೋದಮ್ಮನ ಒಡೆದ ಮೊಟ್ಟೆ ಸಾರು ಉಂಡವರು ಬೆರಳು ನೆಕ್ಕದೆ ಎದ್ದದ್ದಿಲ್ಲ. ಕುದಿಯುವ ಮಸಾಲೆ ಸಾರಿಗೆ ಹಸಿ ಮೊಟ್ಟೆಯನ್ನು ಒಡೆದು ಮೆಲ್ಲಗೆ ಇಳಿಬಿಡಬೇಕು. ಆಮೇಲೆ ಸೌಟು ಹಾಕಿ ತಿರುವಿದವರ ಕೈ ಮುರಿಯಬೇಕು. ಇದು ಅವಳ ಶಾಸ್ತ್ರ. ಇನ್ನೊಂದು ಶಾಸ್ತ್ರ ತೀರಿಕೊಂಡ ಅತ್ತೆ ಬೈರಮ್ಮನಿಂದ ಬಂದದ್ದು: ಒಂದೊಂದು ಮೊಟ್ಟೆಯನ್ನೂ ಉಣ್ಣುವವರ ಹೆಸರು ಹೇಳಿ ಒಡೆಯಬೇಕು. ಹೆಸರಿಲ್ಲದ ಮೊಟ್ಟೆ ಮೈಗೆ ಹತ್ತುವುದಿಲ್ಲವಂತೆ. ಗಂಡನ ಹೆಸರನ್ನೂ ಮಾವನ ಹೆಸರನ್ನೂ ಬಾಯಲ್ಲಿ ಹೇಳುವಂತಿಲ್ಲವಲ್ಲ, ಹಾಗಾಗಿ "ಮಾವಂಗೆ, ಇವ್ರಿಗೆ, ಚೈತನ್ಯಂಗೆ, ನಂಗೆ" ಎಂದು ಗೊಣಗುತ್ತ ಒಡೆಯುತ್ತಾಳೆ. ಕೈಯೂ ಬಾಯೂ ಹೀಗೆ ಜೊತೆಯಾಗಿ ಓಡಿ ಎಷ್ಟು ವರ್ಷವಾಯಿತೋ.

ಯುಗಾದಿ ಕಳೆದ ಮೇಲೆ ಮಗ ಚೈತನ್ಯನ ಮದುವೆಯಾಯಿತು. ಸೊಸೆ ಅಕ್ಷಿತಾ ಪಾಂಡವಪುರದವಳು, ಮಾತು ಕಡಿಮೆ. "ನನ್ ಸೊಸೆ ಚಿನ್ನ ಕಣವ್ವ, ಇಂತಾದ್ದು ಬೇಕು ಅಂತ ಬಾಯ್ಬುಟ್ಟು ಕೇಳಿಲ್ಲ" ಎಂದು ಯಶೋದಮ್ಮ ಬೀದಿಯೆಲ್ಲ ಹೊಗಳಿಕೊಂಡು ತಿರುಗುತ್ತಿದ್ದಳು.

ಒಂದು ದಿನ ಗದ್ದೆಗೆ ಹೊರಟ ಯಶೋದಮ್ಮ ಕುಡುಗೋಲು ಮರೆತು ಅರ್ಧ ದಾರಿಯಿಂದ ವಾಪಸು ಬಂದಳು. ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆ ಹಬೆಯಾಡುತ್ತಿತ್ತು. ಈ ಹೊತ್ತಿನಲ್ಲಿ ಯಾರಿಗೆ ಇಡ್ಲಿ? ಸೆರಗು ಹಿಡಿದು ಮುಚ್ಚಳ ಎತ್ತಿದಳು. ಇಡ್ಲಿ ಗುಳಿಯೊಳಗಿಂದ ಒಂದೇ ಒಂದು ಮೊಟ್ಟೆ ಹಳದಿ ಕಣ್ಣು ಬಿಟ್ಟುಕೊಂಡು ಅವಳನ್ನೇ ನೋಡುತ್ತಿತ್ತು. ತಿರುಗಿದರೆ ಅಕ್ಷಿತಾ ಗೋಡೆಗೆ ಅಂಟಿಕೊಂಡು ನಿಂತಿದ್ದಳು.

"ಏನವ್ವಾ ಇದು? ನಮ್ಮನೇಲಿ ಕದ್ದು ತಿನ್ನೋ ಗತಿ ಬಂದದಾ ನಿಂಗೆ?"

ಹುಡುಗಿ ಹೆದರಿ ಇದ್ದದ್ದನ್ನೆಲ್ಲ ಒದರಿದಳು. ಮೊದಲು ಕುದಿಯುವ ನೀರಿಗೆ ನಿಂಬೆರಸ ಹಿಂಡಿ, ನೀರು ಸುಳಿ ತಿರುಗುವಾಗ ಒಡೆದು ಹಾಕಿದ್ದಳಂತೆ. ಬಿಳಿಯೆಲ್ಲ ಹರಡಿ ಗಂಜಿಯಾಯಿತು. ಆಮೇಲೆ ಎಣ್ಣೆ ಸವರಿದ ಸೌಟಿಗೆ ಒಡೆದು, ಸೌಟನ್ನೇ ಬಿಸಿನೀರಿನಲ್ಲಿ ತೇಲಿಸಿ ಹಿಡಿದಳಂತೆ, ಕೈ ಸುಟ್ಟಿತು. ಕೊನೆಗೆ ಇಡ್ಲಿ ತಟ್ಟೆಯೇ ವಾಸಿ ಅನ್ನಿಸಿತು.

"ಕಾವಲಿಗೆ ಆಕುದ್ರೆ ಚುಂಯ್ ಅಂತದೆ, ಬೀದಿಗೆಲ್ಲ ವಾಸ್ನೆ ಬತ್ತದೆ. ಇದಾದ್ರೆ ಸದ್ದಿಲ್ಲ ಅತ್ತೆ."

"ಸಾರಲ್ಲಿ ಆಕ್ತೀನಲ್ಲ, ಸಾಲ್ದಾ?"

ಅಕ್ಷಿತಾ ತಲೆ ತಗ್ಗಿಸಿದಳು. "ಸಾರಲ್ಲಿ ನನ್ ಎಸ್ರಿನ ಮೊಟ್ಟೆ ಇರಾಕಿಲ್ವಲ್ಲ ಅತ್ತೆ. ಒಸ ಸೊಸೇರ್ಗೆ ಕೊಡಾಕಿಲ್ವೇನೋ, ಈ ಮನೆ ಪದ್ಧತಿ ಅಂದ್ಕಂಡೆ."

ಯಶೋದಮ್ಮನ ಕೈಲಿದ್ದ ಮುಚ್ಚಳ ನೆಲಕ್ಕೆ ಬಿತ್ತು. ಮಾವಂಗೆ, ಇವ್ರಿಗೆ, ಚೈತನ್ಯಂಗೆ, ನಂಗೆ. ಮನಸ್ಸಿನಲ್ಲೇ ಮತ್ತೆ ಒಡೆದು ನೋಡಿದಳು. ಐದನೆಯದು ಇರಲೇ ಇಲ್ಲ. ಗಂಡಸರಿಗೆ ಬಡಿಸಿ ಯಶೋದಮ್ಮ ಉಂಡು ಎದ್ದ ಮೇಲೆ ಕೊನೆಗೆ ಕೂರುತ್ತಿದ್ದವಳು ಸೊಸೆ. ಅವಳ ತಟ್ಟೆಯನ್ನು ಯಾರೂ ನೋಡಿರಲಿಲ್ಲ. ಬಾಯಿ ಬಿಟ್ಟರೆ ಬೈಗುಳವೇ ಉದುರುತ್ತಿದ್ದ ಬೈರಮ್ಮ ಕೂಡ, ಇವಳು ಮದುವೆಯಾಗಿ ಬಂದ ಮೊದಲ ಸಾರಿನಲ್ಲೇ "ಯಶೋದಂಗೆ" ಅಂದಿದ್ದಳು. ತನ್ನ ಬಾಯಿಗೆ ಏನು ಬಡಿದಿತ್ತು? ಕುಡುಗೋಲು ತೆಗೆದುಕೊಂಡು ಹೊರಟುಹೋದಳು.

ಸಂಜೆ ಮಸಾಲೆ ತಾನೇ ರುಬ್ಬಿದಳು. ಸಾರು ಕುದಿ ಬಂತು. ಮೊದಲ ಮೊಟ್ಟೆ ಕೈಗೆತ್ತಿಕೊಂಡಾಗ ಹಳೆಯ ಚಟದಂತೆ ಬಾಯಿಗೆ "ಮಾ" ಅಂತ ಬಂತು. ನುಂಗಿಕೊಂಡಳು. "ಅಕ್ಷಿತಂಗೆ!" ಎಂದಳು, ಮನೆಯೆಲ್ಲ ಕೇಳುವಷ್ಟು ಜೋರಾಗಿ.

ಹಿತ್ತಿಲಲ್ಲಿ ಪಾತ್ರೆ ತಿಕ್ಕುತ್ತಿದ್ದವಳು ಒದ್ದೆ ಕೈಯಲ್ಲೇ ಓಡಿಬಂದಳು. "ಕೂಗುದ್ರಾ ಅತ್ತೆ? ಏನ್ ಮಾಡ್ಬೇಕು?"

"ಏನೂ ಮಾಡ್ಬೇಡ, ಕುಂತ್ಕೊ" ಎಂದಳು ಯಶೋದಮ್ಮ, ಒಲೆಯಿಂದ ಕಣ್ಣು ತೆಗೆಯದೆ. "ನಿನ್ ಮೊಟ್ಟೆ ಬೇಯ್ತಾ ಅದೆ."