ಒಂದು ಕುದುರೆ ದೂರ

ಉಲ್ಲಾಳದ ಆಚೆಯ ಮೈದಾನದಲ್ಲಿ ನನ್ನ ಮಗಳಿಗೆ ಕುದುರೆ ಸವಾರಿ ಕಲಿಸುತ್ತಿದ್ದ ಮೇಷ್ಟ್ರಿಗೆ ಅಡಿ, ಮೀಟರುಗಳ ಲೆಕ್ಕ ಒಗ್ಗುತ್ತಿರಲಿಲ್ಲ. ಕೊರೊನಾ ಕಾಲದಲ್ಲಿ ಊರೆಲ್ಲ ಆರಡಿ ಅನ್ನುತ್ತಿದ್ದರೆ ಅವರು ಮಾತ್ರ, “ಒಂದು ಕುದುರೆ ಬಿಟ್ಟು ನಿಂತ್ಕೊಳ್ಳಿ ಸಾರ್” ಅನ್ನುತ್ತಿದ್ದರು. ಸವಾರಿಯಲ್ಲಿ ಮುಂದಿನ ಕುದುರೆಗೂ ನಮ್ಮದಕ್ಕೂ ನಡುವೆ ಇನ್ನೊಂದು ಕುದುರೆ ಹಿಡಿಸುವಷ್ಟು ಜಾಗ ಬಿಡಬೇಕು, ಇಲ್ಲವಾದರೆ ಒದೆ ಬೀಳುತ್ತದೆ. ರೋಗಕ್ಕೂ ಅವರದು ಅದೇ ಕಾನೂನು.

ಮೊದಲ ಅಲೆ ಇಳಿದ ಮೇಲೆ ಒಂದು ಸಣ್ಣ ಹಾರ್ಸ್ ಶೋ, ಮಕ್ಕಳ ಸವಾರಿ ಸ್ಪರ್ಧೆ, ನಡೆಯಿತು. ಅಪ್ಪ ಅಮ್ಮಂದಿರನ್ನು ಬೇಲಿಯ ಹೊರಗೇ ನಿಲ್ಲಿಸಿದ್ದರು. ಒಬ್ಬ ಸವಾರ ಇಳಿದ ಕೂಡಲೇ ಜೀನು, ಲಗಾಮು ಎಲ್ಲವನ್ನೂ ಮೇಷ್ಟ್ರು ತಾವೇ ಒರೆಸುತ್ತಿದ್ದರು. ಮಗಳು ಗೆದ್ದಳು. ನಾನು ಬೇಲಿ ದಾಟಿ ಓಡಿದೆ. ಅವರು ಕೈ ಅಡ್ಡ ಹಿಡಿದರು.

“ಒಂದು ಕುದುರೆ ಸಾರ್, ಒಂದು ಕುದುರೆ!”

“ನನ್ನ ಮಗಳು ಕಣ್ರೀ! ಒಂದೇ ಮನೇಲಿರೋರು ನಾವು!” ಎಂದು ರೇಗಿದೆ.

“ಮನೇಲಿ ತಬ್ಕೊಳ್ಳಿ ಸಾರ್. ಇಲ್ಲಿ ಒಂದು ಕುದುರೆ.”

ಎರಡನೇ ಅಲೆಯಲ್ಲಿ ಅವರ ಹೆಂಡತಿ ತೀರಿಕೊಂಡರು. ಮತ್ತೆ ತರಗತಿ ಶುರುವಾದ ದಿನ ನಾವು ನಾಲ್ಕಾರು ಜನ ಮಾತಾಡಿಸಲು ಹೋದೆವು. ಮೇಷ್ಟ್ರು ಹೆಣ್ಣು ಕುದುರೆಯೊಂದರ ಮೈ ಉಜ್ಜುತ್ತಿದ್ದರು. ನಾನೇ ಕೇಳಿದೆ, “ಕೊನೇಲಿ ನೋಡೋಕ್ಕಾದ್ರೂ ಬಿಟ್ರಾ ಮೇಷ್ಟ್ರೇ?”

“ಬಿಟ್ರು ಸಾರ್,” ಅಂದರು. “ಹತ್ತು ಕುದುರೆ ದೂರದಿಂದ.”

ಬ್ರಷ್ಷು ಕೆಳಗಿಟ್ಟು, ಮಾಸ್ಕು ಹಾಕಿದ ಮುಖವನ್ನು ಹಾಗೆಯೇ ಆ ಕುದುರೆಯ ಕುತ್ತಿಗೆಗೆ ಒತ್ತಿಕೊಂಡರು. ಅದು ಅಲ್ಲಾಡದೆ ನಿಂತಿತು. ನಾವೂ ನಿಂತೆವು, ಯಾರೂ ಹೇಳದಿದ್ದರೂ, ಒಂದು ಕುದುರೆ ಬಿಟ್ಟು.