ಹುಳು ಮೇಯುವ ಸದ್ದು

ರೇಷ್ಮೆಗೂಡು ಬಿಡಿಸಿ ಮಾರುಕಟ್ಟೆಗೆ ಹಾಕಿ ಬಂದು ಮೂರು ದಿನವಾಗಿತ್ತು. ಹುಳುಮನೆಯನ್ನು ತೊಳೆದು, ಬ್ಲೀಚಿಂಗ್ ಪುಡಿಯ ನೀರು ಹೊಡೆದು, ಬಾಗಿಲು ಹಾಕಿದ್ದೆವು. ಒಳಗೆ ಒಂದು ಹುಳುವಾಗಲಿ, ಒಂದು ಹಿಪ್ಪುನೇರಳೆ ಎಲೆಯಾಗಲಿ ಇರಲಿಲ್ಲ. ಆದರೂ ನನ್ನ ಕಿವಿಗೆ ಹುಳು ಮೇಯುವ ಸದ್ದು ಕೇಳಿಸುತ್ತಲೇ ಇತ್ತು.

ರೇಷ್ಮೆ ಸಾಕದವರಿಗೆ ಆ ಸದ್ದು ಎಂಥದೆಂದು ಹೇಳಬೇಕು. ಹುಳು ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ನಾಲ್ಕನೇ ಜ್ವರ ಎದ್ದ ಹುಳು ಕೊನೆಯ ಏಳೆಂಟು ದಿನ ಬಕಾಸುರನ ವಂಶದ್ದು. ಸಾವಿರಾರು ಬಾಯಿ ಒಟ್ಟಿಗೆ ಎಲೆ ಕತ್ತರಿಸುವಾಗ ಹಂಚಿನ ಮೇಲೆ ಸೋನೆ ಮಳೆ ಬಿದ್ದ ಹಾಗೆ ಕೇಳುತ್ತದೆ. ಮದುವೆಯಾಗಿ ಸುಗಟೂರಿನ ಹತ್ತಿರದ ಈ ಹಳ್ಳಿಗೆ ಬಂದಾಗಿನಿಂದ ಅದು ನನಗೆ ನನ್ನ ಉಸಿರಿನಷ್ಟೇ ರೂಢಿ. ಹಾಗಾಗಿ ಮೊದಲು ನನಗೆ ಹೆದರಿಕೆಯಾಗಲಿಲ್ಲ, ಸಿಟ್ಟು ಬಂತು. ಪಕ್ಕದ ಮನೆಯವರು ನಮಗೆ ಒಂದು ಮಾತೂ ಹೇಳದೆ ಹೊಸ ಬೆಳೆ ಇಟ್ಟಿದ್ದಾರೆ ಅಂದುಕೊಂಡು ಹೋಗಿ ನೋಡಿದರೆ ಅವರ ಹುಳುಮನೆಗೂ ಬೀಗ.

"ನಿಮಗೆ ಕೇಳ್ತಾ ಇಲ್ವಾ?" ಎಂದು ಗಂಡನನ್ನು ಕೇಳಿದೆ.

"ಏನೂ ಇಲ್ಲ ಕಣೇ. ಎಂಟು ದಿನ ನಿದ್ದೆಗೆಟ್ಟಿದೀಯಾ. ಹೋಗಿ ಮಲ್ಕೋ."

ಮಲಗಿದರೆ ಸದ್ದು ಇನ್ನೂ ಜೋರು. ಎದ್ದರೆ ತಲೆನೋವು. ಬೆಳಿಗ್ಗೆ ಏಳುವಷ್ಟರಲ್ಲೇ ಯಾರೋ ನೆತ್ತಿಯೊಳಗಿನಿಂದ ಹೊರಕ್ಕೆ ತಳ್ಳುತ್ತಿದ್ದಾರೆ ಅನ್ನಿಸುತ್ತಿತ್ತು. ಕಸ ಗುಡಿಸಲು ಬಗ್ಗಿದರೆ ಕಣ್ಣ ಮುಂದೆ ಬೂದು ಪರದೆ ಇಳಿದು, ನಾಲ್ಕೈದು ಎಣಿಸುವಷ್ಟರಲ್ಲಿ ಎದ್ದು ಹೋಗುತ್ತಿತ್ತು. ಮೊದಲ ಸಲ ಹಾಗಾದಾಗ ನಾನು "ಕರೆಂಟ್ ಹೋಯ್ತಾ?" ಎಂದು ಕೂಗಿದೆ. ಮಟಮಟ ಮಧ್ಯಾಹ್ನ. "ಹಗಲೊತ್ತಲ್ಲಿ ಯಾವ ಕರೆಂಟೇ?" ಎಂದು ಗಂಡ ನಕ್ಕ. ನಾನೂ ನಕ್ಕೆ.

ಆಮೇಲೆ ಶುರುವಾಯಿತು ನೋಡಿ ಕಾರಣಗಳ ಮೆರವಣಿಗೆ. ಮೆಡಿಕಲ್ ಸ್ಟೋರಿನವನು ಗ್ಯಾಸ್ ಅಂದ. ಪಕ್ಕದ ಮನೆಯವಳು ಪಿತ್ತ ನೆತ್ತಿಗೇರಿದೆ, ಹರಳೆಣ್ಣೆ ತಟ್ಟು ಅಂದಳು. ನಾನು ಮಾತ್ರ ಬ್ಲೀಚಿಂಗ್ ಪುಡಿಯ ಘಾಟೇ ಕಾರಣ ಎಂದು ವಾದಿಸಿದೆ. ನಮ್ಮತ್ತೆ ಶ್ರೀನಿವಾಸಪುರದ ಯಲ್ದೂರಿನ ಕಡೆಯವರು. ಪ್ರೀತಿ ಬಂದರೂ ಕೋಪ ಬಂದರೂ ಬಾಯಿಗೆ ತೆಲುಗೇ ಮೊದಲು ಬರುವುದು. "ಏಮಯಿಂದಮ್ಮಾ ನೀಕು, ಏನಾಯ್ತೇ?" ಎಂದು ನನ್ನ ಗಲ್ಲ ಹಿಡಿದು ನೋಡಿ, ಯಾರ ಕಣ್ಣು ಬಿತ್ತೋ ಎಂದು ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದರು. ಘಾಟು ಬರಲಿಲ್ಲ. ಘಾಟು ಬರದಿದ್ದರೆ ದೃಷ್ಟಿಯಾಗಿರುವುದು ಖಂಡಿತ ಎಂದರು. ಎಲ್ಲರ ಮಾತೂ ನಿಜವೇ ಇರಬಹುದು ಅನ್ನಿಸಿ ನನಗೆ ಯಾವುದನ್ನು ನಂಬಬೇಕೋ ತಿಳಿಯದಾಯಿತು.

ಕನ್ನಡಕದ ನಂಬರು ಬದಲಾಗಿರಬೇಕು ಎಂದು ಕೊನೆಗೆ ನಾನೇ ತೀರ್ಮಾನಿಸಿ, ಕೋಲಾರದ ಬಸ್ಸು ಹತ್ತಿ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಅವರು ಕಣ್ಣಿಗೆ ಹನಿ ಹಾಕಿ ಕೂರಿಸಿ, ಆಮೇಲೆ ಬೆಳಕು ಬಿಟ್ಟು ನೋಡಿದರು. ನೋಡುತ್ತಲೇ ಇದ್ದರು.

"ಕಣ್ಣಿನ ಹಿಂದಿನ ನರ ಊದಿದೆಯಮ್ಮ. ಎರಡೂ ಕಡೆ. ತಲೆಬುರುಡೆ ಒಳಗೆ ಒತ್ತಡ ಜಾಸ್ತಿ ಇದ್ರೆ ಹೀಗಾಗುತ್ತೆ. ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ."

"ನಾನು ಕನ್ನಡಕಕ್ಕೆ ಬಂದೋಳು ಸ್ವಾಮಿ," ಎಂದೆ. ನನಗೆ ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಅವರು ಬೇಸರ ಮಾಡಿಕೊಳ್ಳಲಿಲ್ಲ. ಚೀಟಿಯ ಮೇಲೆ 'ತುರ್ತು' ಎಂದು ಬರೆದು ಅದರ ಕೆಳಗೆ ಎರಡು ಗೆರೆ ಎಳೆದುಕೊಟ್ಟರು.

ದೊಡ್ಡಾಸ್ಪತ್ರೆಯಲ್ಲಿ ತಲೆಯ ಸ್ಕ್ಯಾನ್ ಆಯಿತು. ಗೆಡ್ಡೆ ಇಲ್ಲ, ರಕ್ತ ಹೆಪ್ಪುಗಟ್ಟಿಲ್ಲ. ಸುದ್ದಿ ತಿಳಿದು ಓಡಿಬಂದಿದ್ದ ನನ್ನ ಗಂಡ ಅಲ್ಲೇ ಮೇಲಕ್ಕೆ ನೋಡಿ ಕೈಮುಗಿದ. ಆದರೆ ರಿಪೋರ್ಟು ಹಿಡಿದಿದ್ದ ಡಾಕ್ಟರಮ್ಮನ ಮುಖದಲ್ಲಿ ನಗುವಿರಲಿಲ್ಲ. ನನಗಿಂತ ಚಿಕ್ಕವಳು ಆಕೆ.

"ಸ್ಕ್ಯಾನಲ್ಲಿ ಏನೂ ಇಲ್ಲ. ಆದ್ರೆ ಒತ್ತಡ ಇದೆ."

"ಏನೂ ಇಲ್ಲ ಅಂದ್ಮೇಲೆ ಇರೋದೇನು?"

"ಅದನ್ನೇ ಅಳೀಬೇಕು. ಬೆನ್ನಿಂದ."

ನೋವು ತಲೆಯಲ್ಲಿ, ಸೂಜಿ ಬೆನ್ನಿಗೆ! ತಲೆ ಮತ್ತು ಬೆನ್ನುಹುರಿಯ ಸುತ್ತ ಇರುವುದು ಒಂದೇ ನೀರು ಎಂದು ಆಕೆ ಸಮಾಧಾನವಾಗಿ ಹೇಳಿದ ಮೇಲೂ ನನಗೆ ಅರ್ಧ ಅರ್ಥವಾಯಿತು, ಅರ್ಧ ಇಲ್ಲ. ಮಂಡಿ ಎದೆಗೆ ಒತ್ತಿಕೊಂಡು ಮಗ್ಗುಲಾಗಿ ಮಲಗಿದೆ. ಸೊಂಟದ ಹತ್ತಿರ ಸೂಜಿ ಇಳಿಯಿತು. ಅದಕ್ಕೆ ಒಂದು ಉದ್ದ ಕೊಳವೆ ಸಿಕ್ಕಿಸಿ, ನೀರು ಎಷ್ಟು ಎತ್ತರ ಏರುತ್ತದೆಂದು ನೋಡಿದರು. ಇರಬೇಕಾದ ಗೆರೆ ದಾಟಿ ಅದು ಮೇಲೆ ಮೇಲೆ ಹೋಯಿತಂತೆ. ಒಂದಿಷ್ಟು ನೀರು ಹೊರಕ್ಕೆ ಬಿಟ್ಟರು.

ಆಗ ಸದ್ದು ನಿಂತಿತು.

ಅಷ್ಟು ದಿನ ಜೊತೆಗಿದ್ದ ಹುಳುಗಳೆಲ್ಲ ಒಮ್ಮೆಗೇ ಬಾಯಿ ಮುಚ್ಚಿದವು. ಹುಳುಮನೆಯಲ್ಲಿ ಹಾಗೆ ಸದ್ದು ನಿಂತರೆ ರೋಗ ಬಂದಿದೆ ಎಂದು ಅರ್ಥ. ನಾನು ಗಾಬರಿಯಿಂದ ಅತ್ತೇಬಿಟ್ಟೆ. ಡಾಕ್ಟರಮ್ಮ ನನ್ನ ಮಣಿಕಟ್ಟು ಹಿಡಿದು, ಆ ಸದ್ದು ನಾಡಿಯ ಜೊತೆ ಬಡಿಯುತ್ತಿತ್ತಾ ಎಂದು ಕೇಳಿದಳು. ನೆನಪಿಸಿಕೊಂಡರೆ ಹೌದು. ಹುಳು ಎಡೆಬಿಡದೆ ಮೇಯುತ್ತದೆ. ನನ್ನದು ತಡೆದು ತಡೆದು ಮೇಯುತ್ತಿತ್ತು. ಅದು ನನ್ನದೇ ರಕ್ತ ಹರಿಯುವ ಸದ್ದಂತೆ.

"ಯಾಕೆ ಬಂತು ಇದು?" ಎಂದೆ.

"ಕಾರಣ ಗೊತ್ತಿಲ್ಲ. ತುಂಬಾ ಜನಕ್ಕೆ ಗೊತ್ತಾಗಲ್ಲ. ಒಂದೇ ವರ್ಷದಲ್ಲಿ ತೂಕ ಏರಿದೆಯಲ್ಲ, ಅದು ಜೊತೆಗೂಡಿರಬಹುದು. ಒತ್ತಡ ಇಳಿಸೋ ಮಾತ್ರೆ ಬರ್ಕೊಡ್ತೀನಿ."

"ಗೊತ್ತಿಲ್ಲದ ಕಾಯಿಲೆಗೆ ಮಾತ್ರೆ ಹೆಂಗ್ ಕೊಡ್ತೀರಾ ನೀವು?"

ಅದಕ್ಕೆ ಉತ್ತರ ಕೊಟ್ಟವನು ನನ್ನ ಗಂಡ. "ತೋಟದ ಡ್ರಿಪ್ ಪೈಪಲ್ಲಿ ಪ್ರೆಷರ್ ಜಾಸ್ತಿ ಆದ್ರೆ ನಾವೇನ್ ಕಾರಣ ಹುಡುಕ್ತಾ ಕೂರ್ತೀವೇನೇ? ಮೊದ್ಲು ವಾಲ್ವು ತಿರುಗಿಸ್ತೀವಿ, ಇಲ್ದಿದ್ರೆ ಜಾಯಿಂಟ್ ಕಿತ್ಕೊಂಡ್ ಹೋಗುತ್ತೆ." ಡಾಕ್ಟರಮ್ಮ ಮೊದಲ ಸಲ ನಕ್ಕಳು.

ಹೊರಡುವ ಮುಂಚೆ ಇನ್ನೊಂದು ಪರೀಕ್ಷೆ. ಬಿಳಿ ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು, ನಡುವಿನ ಚುಕ್ಕೆಯನ್ನೇ ನೋಡುತ್ತಾ, ಅಂಚಿನಲ್ಲಿ ಎಲ್ಲೇ ಬೆಳಕು ಮಿಣಕ್ ಎಂದರೂ ಗುಂಡಿ ಒತ್ತಬೇಕು. ನಾನು ಚೆನ್ನಾಗಿಯೇ ಒತ್ತಿದೆ ಅಂದುಕೊಂಡೆ. ಎಡಗಣ್ಣಿನ ಎಡದಂಚಿನಲ್ಲಿ ಕೆಲವು ಬೆಳಕುಗಳು ಬಂದು ಹೋಗಿದ್ದೇ ನನಗೆ ಗೊತ್ತಾಗಿರಲಿಲ್ಲ.

"ಸದ್ಯ ಸ್ವಲ್ಪವೇ ಹೋಗಿದೆ. ಮಾತ್ರೆ ಒಂದು ದಿನವೂ ಬಿಡಬೇಡಿ. ಇದರಲ್ಲಿ ಹೋದ ಕಣ್ಣು ವಾಪಸ್ ಬರಲ್ಲ," ಎಂದಳು ಆಕೆ. ಕಿವಿಯಾರೆ ಕೇಳಿಸಿಕೊಂಡೆ. ತಲೆಯನ್ನೂ ಆಡಿಸಿದೆ.

ಮಾತ್ರೆ ನುಂಗಲು ಶುರು ಮಾಡಿದ ಮೇಲೆ ಬೆರಳ ತುದಿಯೆಲ್ಲ ಜುಮುಜುಮು. ಸೋಡಾ ಕುಡಿದರೆ ಬಾಯಲ್ಲಿ ಕಬ್ಬಿಣ ಇಟ್ಟುಕೊಂಡ ರುಚಿ. ಇವನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಗಳಿಗೆಗೊಮ್ಮೆ ಬರುವ ಮೂತ್ರ. ಬೇರೆಯವರಿಗೆ ಇದೊಂದು ದೊಡ್ಡ ವಿಷಯವಲ್ಲ. ನಮಗೆ ದೊಡ್ಡದು. ಹುಳುಮನೆಗೆ ಅದರದೇ ಮಡಿ ಇದೆ. ಹೊರಗಿನವರು ಒಳಗೆ ಕಾಲಿಡುವಂತಿಲ್ಲ. ನಾವೇ ಹೊರಗೆ ಹೋಗಿ ಬಂದರೂ ಬಾಗಿಲಲ್ಲಿ ಬ್ಲೀಚಿಂಗ್ ನೀರಿನಲ್ಲಿ ಕೈಕಾಲು ತೊಳೆದು, ಮೇಲಿನ ಬಟ್ಟೆ ಬದಲಿಸಿಯೇ ಒಳಗೆ ಬರಬೇಕು. ಇಲ್ಲದಿದ್ದರೆ ಹುಳುಗಳಿಗೆ ರೋಗ. ಮುಂದಿನ ಬೆಳೆ ನಾಲ್ಕನೇ ಜ್ವರ ಎದ್ದಾಗ ನಾನು ಅರ್ಧ ದಿನದಲ್ಲಿ ಏಳು ಸಲ ಕಾಲು ತೊಳೆದಿದ್ದೆ. ಎಂಟನೆಯ ಸಲ ಅತ್ತೆ, "ಏನಮ್ಮೀ, ಹುಳ ಸಾಕಕ್ಕೆ ಬಂದಿದೀಯೋ, ಕಾಲು ತೊಳ್ಯಕ್ಕೆ ಬಂದಿದೀಯೋ?" ಎಂದರು. ತಮಾಷೆಗೇ ಅಂದದ್ದು. ನನಗೆ ಚುರ್ ಅಂದಿತು.

ಮಾತ್ರೆ ನಿಲ್ಲಿಸಿದೆ. ಎಂಟು ದಿನ ತಾನೇ, ಹುಳು ಗೂಡಿಗೆ ಹೋದ ಮೇಲೆ ನುಂಗಿದರಾಯಿತು ಅಂದುಕೊಂಡೆ. ಯಾರಿಗೂ ಹೇಳಲಿಲ್ಲ. ಒಂದು ವೇಳೆ ಒತ್ತಡ ಏರಿದರೆ ಕಿವಿಯಲ್ಲಿ ಸದ್ದು ಬರುತ್ತದಲ್ಲ, ಆಗ ನೋಡೋಣ ಎಂಬ ಧೈರ್ಯ ಬೇರೆ. ನನ್ನ ಬುದ್ಧಿಗಿಷ್ಟು ಬೆಂಕಿ ಹಾಕ! ಸುತ್ತ ಸಾವಿರಾರು ಹುಳು ಬೆಳಗಿನಿಂದ ಬೈಗಿನವರೆಗೆ ಎಲೆ ಮೇಯುತ್ತಿರುವ ಮನೆಯಲ್ಲಿ, ತಲೆಯೊಳಗೆ ಮೇಯುವುದು ಹೇಗೆ ತಾನೇ ಕೇಳೀತು? ಸದ್ದೇನೋ ಇತ್ತು. ಅದು ಯಾರದೆಂದು ನಾನು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಎಂಟನೆಯ ದಿನ ಹುಳು ಹಣ್ಣಾಯಿತು. ಹಣ್ಣಾದ ಹುಳು ಮೇಯುವುದನ್ನು ಬಿಟ್ಟು, ಮೈ ಹೊಳೆಯುವಂತಾಗಿ ತಲೆ ಎತ್ತುತ್ತದೆ. ಅಂಥವನ್ನು ಆರಿಸಿ, ಅವು ಗೂಡು ಕಟ್ಟುವ ಬಿದಿರಿನ ತಟ್ಟೆಗೆ, ಅಂದರೆ ಚಂದ್ರಿಕೆಗೆ, ಅವತ್ತೇ ಬಿಡಬೇಕು. ತಡವಾದರೆ ಎಲೆಯೊಳಗೇ ನೂಲು ಬಿಟ್ಟು ಹಾಳಾಗುತ್ತದೆ. ಆರಿಸುವ ಕೈಯಲ್ಲಿ ನನ್ನನ್ನು ಮೀರಿಸುವವರು ನಮ್ಮ ಬೀದಿಯಲ್ಲೇ ಇರಲಿಲ್ಲ. ಬೆಳಿಗ್ಗೆಯಿಂದ ಒಂದು ಸಾಲು ಮುಗಿಸಿ ಎರಡನೆಯದಕ್ಕೆ ಹೋಗಿದ್ದೆ. ಅತ್ತೆ ಹಿಂದಿನಿಂದ ಕರೆದರು.

"ಲೇ, ಇದೇನಿದು? ಈ ಎಡಗಡೆ ಪೂರಾ ಹಂಗೇ ಬಿಟ್ಟಿದೀಯಲ್ಲಾ. ಎಲೆಗೇ ನೂಲು ಬಿಡ್ತಾ ಅವೆ."

"ನಾನು ಎಲ್ಲಾ ಆರಿಸಿದೀನಿ. ಆಮೇಲೆ ಹಣ್ಣಾಗಿರಬೇಕು."

"ಇಷ್ಟೊತ್ತಿಗೆ ನೂಲು ಬಿಡೋದು ಆಮೇಲೆ ಹಣ್ಣಾಗಿದ್ದಾ?"

"ಹಂಗಾದ್ರೆ ಇಲ್ಲಿ ಬೆಳಕು ಸಾಲ್ತಿಲ್ಲ. ನಿಮ್ಮ ಮಗನಿಗೆ ಹೇಳಿ ಒಂದು ಬಲ್ಬು ಹಾಕ್ಸಿ!"

"ಕುಣಿಯಕ್ಕೆ ಬರದೇ ಇರೋಳು ನೆಲ ಡೊಂಕು ಅಂದ್ಲಂತೆ," ಎಂದವರು ಅಲ್ಲಿಗೇ ಮಾತು ನಿಲ್ಲಿಸಿದರು. ಹತ್ತಿರ ಬಂದು ನನ್ನ ಗಲ್ಲ ಹಿಡಿದರು. ಒಂದು ಹಣ್ಣು ಹುಳುವನ್ನು ಎತ್ತಿ ತಮ್ಮ ಅಂಗೈಯಲ್ಲಿಟ್ಟುಕೊಂಡರು. "ನೆಟ್ಟಗೆ ನೋಡು. ತಲೆ ತಿರುಗಿಸ್ಬೇಡ. ಹುಳ ಕಂಡ ತಕ್ಷಣ ಹೇಳು."

ನಾನು ನೆಟ್ಟಗೆ ಗೋಡೆ ನೋಡುತ್ತಾ ನಿಂತೆ. ಕಾದೆ. ನನಗೆ ರೇಗಿತು.

"ಯಾವಾಗ ತೋರಿಸ್ತೀರಾ ಅತ್ತೆ? ಹೊತ್ತಾಗ್ತಿದೆ."

ತಲೆ ತಿರುಗಿಸಿದೆ. ಅವರ ಕೈ ನನ್ನ ಎಡಗೆನ್ನೆಯಿಂದ ಒಂದು ಗೇಣು ದೂರದಲ್ಲಿತ್ತು. ಹುಳು ತಲೆ ಎತ್ತಿ ಆಡಿಸುತ್ತಿತ್ತು. ಅಷ್ಟು ಹೊತ್ತೂ ಅದು ಅಲ್ಲೇ ಇತ್ತು.

"ಮಾತ್ರೆ?" ಎಂದರು. ಕಾಲು ತೊಳೆಯುವ ಬೋಗುಣಿಯ ಕಡೆ ನೋಡಿದೆ. ಅವರಿಗೆ ಅರ್ಥವಾಯಿತು. ತಾವು ಆಡಿದ ಮಾತೂ ನೆನಪಾಗಿರಬೇಕು, ಮುಖ ಸಣ್ಣಗಾಯಿತು.

ಆಮೇಲೆ ಅವರು ಮಾಡಿದ್ದನ್ನು ಈ ಮನೆಯಲ್ಲಿ ಯಾರೂ ಮಾಡಿರಲಿಲ್ಲ. ಹುಳು ಹಣ್ಣಾದ ದಿನ, ಹುಳುಮನೆಯ ಬಾಗಿಲನ್ನು ಹಾರು ಹೊಡೆದರು. ಬೀದಿಗೆ ನಿಂತು, "ಬರ್ರಮ್ಮಾ, ಕೈ ಹಾಕಿ, ನನ್ನ ಸೊಸೆ ಆಸ್ಪತ್ರೆಗೆ ಹೋಗ್ಬೇಕು!" ಎಂದು ಕೂಗಿದರು. ಕಾಲೂ ತೊಳೆಯದೆ ನಾಲ್ಕು ಮನೆಯ ಹೆಂಗಸರು ಒಳನುಗ್ಗಿದರು. ಗಂಡ ಬೈಕು ತಿರುಗಿಸಿದ. ಊರು ದಾಟಿ, ಹುಳುಮನೆ ಹಿಂದೆ ಬಿದ್ದು, ಬೈಕು ಒಂದು ಕಡೆ ನಿಂತಾಗ ನನಗೆ ಸ್ಪಷ್ಟವಾಗಿ ಕೇಳಿಸಿತು. ಸದ್ದು ನನ್ನ ಜೊತೆಗೇ ಬಂದಿತ್ತು.

ಮತ್ತೆ ಸೂಜಿ, ಮತ್ತೆ ನೀರು. ಕೊನೆಗೆ ಬೆನ್ನಿನಿಂದ ಹೊಟ್ಟೆಗೆ, ಚರ್ಮದ ಅಡಿಯಲ್ಲೇ, ಹೆಚ್ಚಾದ ನೀರು ಇಳಿದುಹೋಗುವ ಹಾಗೆ ಒಂದು ಸಣ್ಣ ಕೊಳವೆ ಹಾಕಿದರು. ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಉಳಿದ ಕಣ್ಣು ಉಳಿಯಿತು. ಎಡದಂಚು ಹೋಯಿತು, ಬರಲಿಲ್ಲ. ಅಲ್ಲಿ ಕತ್ತಲೂ ಇಲ್ಲ ಎನ್ನುವುದೇ ನನಗೆ ಇಂದಿಗೂ ಬಗೆಹರಿಯದ ಸಂಗತಿ. ಕತ್ತಲಿದ್ದರೆ ಅಂದೇ ಗೊತ್ತಾಗುತ್ತಿತ್ತು. ಅಲ್ಲಿ ಏನೂ ಇಲ್ಲ, ಅಷ್ಟೇ. ಈ ಕಾಯಿಲೆ ನನಗೇ ಯಾಕೆ ಬಂತು ಎಂಬುದೂ ಯಾರಿಗೂ ಗೊತ್ತಿಲ್ಲ. ತೂಕ ಇಳಿಸಿದ್ದೇನೆ, ಮಾತ್ರೆ ಬಿಟ್ಟಿಲ್ಲ, ಆದರೂ ಅರ್ಥವಾಗಿದೆ ಎಂದು ಎದೆ ತಟ್ಟಿ ಹೇಳಲಾರೆ.

ಕೊಳವೆ ಕಟ್ಟಿಕೊಂಡರೆ ಸದ್ದು ಮತ್ತೆ ಬರಬಹುದು, ಬಂದ ದಿನವೇ ಬಾ ಎಂದಿದ್ದಾರೆ. ಹಾಗಾಗಿ ಈಗ ನಮ್ಮ ಹುಳುಮನೆಗೆ ಹೊಸ ಕಟ್ಟಳೆಯೊಂದು ಸೇರಿದೆ. ಮಾಡಿದವರು ಅತ್ತೆ. ಹುಳು ಜೋರಾಗಿ ಮೇಯುವ ಎಂಟು ದಿನ, ಪ್ರತಿ ಸಲ ಸೊಪ್ಪು ಹಾಕಿದ ಮೇಲೆ, ನಾನು ಹೊರಗೆ ಹೋಗಿ ಹೊಂಗೆ ಮರದ ಕೆಳಗೆ ಕೂತು, ಮಣಿಕಟ್ಟಿನ ಮೇಲೆ ಬೆರಳಿಟ್ಟು ಕಿವಿಗೊಟ್ಟು ಕೇಳಬೇಕು. ಅಲ್ಲಿಯವರೆಗೆ ನನ್ನ ಎಡಗಡೆಯ ಹುಳುಗಳನ್ನು ಅವರು ನೋಡಿಕೊಳ್ಳುತ್ತಾರೆ. ನಾನು ವಾಪಸ್ ಬರುವಾಗ ಚೊಂಬು ಹಿಡಿದು ಬಾಗಿಲಲ್ಲೇ ನಿಂತಿರುತ್ತಾರೆ.

"ಹುಳಾನಾ, ನೀನಾ?" ಎಂದು ಕೇಳುತ್ತಾರೆ.

"ಹುಳಾನೇ ಅತ್ತೆ."

ಆಗ ಅವರು ಬಗ್ಗಿ, ತಮ್ಮ ಕೈಯಿಂದಲೇ ನನ್ನ ಕಾಲಿಗೆ ನೀರು ಹಾಕುತ್ತಾರೆ.