ಬಸ್‌ಸ್ಟ್ಯಾಂಡಿನ ಬೆಂಚಿನ ಮೇಲೆ ಅವ್ವನ ಪೂಜೆ

ಲಿಂಗಪೂಜೆ ಆಗದೆ ನಮ್ಮ ಅವ್ವ ಹನಿ ನೀರೂ ಮುಟ್ಟುವುದಿಲ್ಲ. ನೆಲೋಗಿಯ ಮನೆಯಲ್ಲಿ ಇದರಿಂದ ಯಾರಿಗೂ ತೊಂದರೆಯಿಲ್ಲ. ಬೆಳಕು ಹರಿಯುವುದರೊಳಗೆ ಅವಳ ಸ್ನಾನ, ಪೂಜೆ, ಚಹಾ ಎಲ್ಲ ಮುಗಿದಿರುತ್ತದೆ. ಪರವೂರಿಗೆ ಹೊರಟಾಗಲೇ ಫಜೀತಿ.

ಹೋದ ಬೇಸಿಗೆ ಆಳಂದದ ಕಡೆ ಸರಸಂಬಾದಲ್ಲಿ ಮದುವೆಯಿತ್ತು. ಮೊದಲ ಬಸ್ಸು ಹಿಡಿಯುವ ಗಡಿಬಿಡಿಯಲ್ಲಿ ಅವ್ವ, "ಪೂಜಿ ಅಲ್ಲೇ ಹೋಗಿ ಮಾಡ್ತೇನಿ" ಅಂದಳು. ಬಿಪಿ ಗುಳಿಗೆಯನ್ನು ಮಾತ್ರ ಒಣಗಂಟಲಲ್ಲೇ ನುಂಗಿದಳು. ಔಷಧಕ್ಕೆ ನೇಮವಿಲ್ಲವಂತೆ, ನೀರಿಗಷ್ಟೇ ಇದೆಯಂತೆ! ನನಗೆ ಮೈ ಉರಿಯಿತು, ಆದರೆ ಅವ್ವನ ಮುಂದೆ ಯಾರ ಆಟವೂ ನಡೆಯುವುದಿಲ್ಲ.

ಮದುವೆಮನೆಯಲ್ಲಿ ಬಚ್ಚಲು ಖಾಲಿಯಿಲ್ಲ, ಪೂಜೆಗೆ ಕೂರಲು ಒಂದು ಮೂಲೆಯಿಲ್ಲ. ಅಕ್ಷತೆ ಬಿದ್ದು, ಮಧ್ಯಾಹ್ನದ ಊಟದ ಪಂಕ್ತಿ ಎದ್ದರೂ ಅವಳ ಬಾಯಿಗೆ ನೀರಿಲ್ಲ. ಸಂಜೆಯ ಹೊತ್ತಿಗೆ ಹೊಟ್ಟೆಯ ಎಡಭಾಗ ಹಿಡಿದುಕೊಂಡು ಕುಸಿದಳು. ಮಲದಲ್ಲಿ ರಕ್ತ ಬಂತು.

"ಉಷ್ಣ ಆಗ್ಯಾದ, ಮಜ್ಜಿಗಿ ಕೊಡ್ರಿ" ಎಂದಳು ಒಬ್ಬ ಹಿರಿಯ ಹೆಂಗಸು.

"ಆ ಮಜ್ಜಿಗಿ ನೀವೇ ಕುಡೀರಿ" ಎಂದು ಸಿಡುಕಿ, ಸಿಕ್ಕ ಜೀಪಿನಲ್ಲಿ ಅವ್ವನನ್ನು ಕಲಬುರಗಿಗೆ ಕರೆದೊಯ್ದೆ. ಆ ಸಿಡುಕಿನ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆಯಿದೆ.

ಸಲೈನ್ ಹಚ್ಚಿ, ಪರೀಕ್ಷೆ ಮಾಡಿಸಿದ ಮೇಲೆ ಡಾಕ್ಟರಮ್ಮ ಹಾಸಿಗೆಯ ಪಕ್ಕ ಕುಳಿತು ಬಿಡಿಸಿ ಹೇಳಿದರು. "ದೊಡ್ಡ ಕರುಳಿಗೆ ರಕ್ತ ಸಾಲದಾಗ್ಯಾದಮ್ಮಾ. ವಯಸ್ಸಿಗೆ ರಕ್ತನಾಳ ಮೊದಲೇ ಸಣ್ಣ ಆಗ್ಯಾವ. ಬಿಸಿಲಾಗ ಮೈಯಾಗಿನ ನೀರು ಹೋತು, ಮ್ಯಾಲೆ ಗುಳಿಗಿ ಬಿಪಿ ಇಳಿಸ್ತು. ಇದ್ದ ರಕ್ತ ಮೊದಲು ಹೃದಯಕ್ಕ, ಮೆದುಳಿಗೆ ಹೋಗ್ತದ. ಕರುಳಿನ ಪಾಳಿ ಕಡೀಗೆ."

"ಕಾಲುವಿ ಕಡೀ ಹೊಲ ಇದ್ದಂಗ ಅನ್ರಿ" ಎಂದಳು ಅವ್ವ.

ಡಾಕ್ಟರಮ್ಮ ನಕ್ಕರು. ಆಮೇಲೆ ಗಂಭೀರವಾಗಿ, ಈ ಸಲ ಕರುಳು ಮಾಯುತ್ತದೆ, ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಸಂಚಕಾರ, ನೀರು ಬಿಟ್ಟು ಇರಲೇಬಾರದು ಅಂದರು. ಅವ್ವ ಕೊರಳಿನ ಲಿಂಗವನ್ನು ಮುಟ್ಟಿಕೊಂಡಳು. ನೇಮ ಬಿಡುವವಳಲ್ಲ ಅವಳು. ನನಗೆ ನಿಜಕ್ಕೂ ಭಯವಾಯಿತು.

ಈ ಬೇಸಿಗೆ ಅಫಜಲಪುರದಲ್ಲಿ ನಾಮಕರಣ. ಮತ್ತೆ ಮೊದಲ ಬಸ್ಸು, ಮತ್ತೆ ಪೂಜೆಯಿಲ್ಲ. ಜೇವರ್ಗಿ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು, ಮುಂದಿನ ಬಸ್ಸಿನ ಸುಳಿವಿಲ್ಲ. ಕೈಯಲ್ಲಿದ್ದ ನೀರಿನ ಬಾಟಲಿಯನ್ನು ಹೇಗೆ ಅವಳ ಮುಂದೆ ಹಿಡಿಯಲಿ ಎಂದು ನಾನು ಯೋಚಿಸುತ್ತಿದ್ದಾಗ ಅವ್ವ ತಾನೇ ಅದನ್ನು ಕಸಿದುಕೊಂಡಳು. ಸ್ನಾನದ ಬದಲು ಕೈ, ಮುಖ ತೊಳೆದು ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತಳು. ಕೊರಳಿನಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಕಣ್ಣು ಮುಚ್ಚಿದಳು. ಸುತ್ತ ಕಂಡಕ್ಟರುಗಳ ಕೂಗು, ಶೇಂಗಾ ಮಾರುವವರ ಗದ್ದಲ. ಅವಳಿಗೆ ಅದರ ಪರಿವೆಯೇ ಇರಲಿಲ್ಲ.

ಕಣ್ಣು ತೆರೆದಾಗ ಪಕ್ಕದಲ್ಲಿದ್ದ ಹೆಂಗಸು ಕೇಳಿದಳು: "ಇಲ್ಲೇ ಮಾಡೂದೇನ್ರೀ ಅಕ್ಕಾರ, ಜಾಗ ಇಲ್ಲ, ಏನಿಲ್ಲ?"

"ಅಂವ ನನ್ನ ಅಂಗೈಯಾಗೇ ಕುಂತಾನ್ರೀ. ಬ್ಯಾರೆ ಜಾಗ ಯಾಕ ಬೇಕು?"

ನನ್ನ ಎದೆ ಉಬ್ಬಿತು. ಈಕೆ ನನ್ನ ಅವ್ವ ಎಂದು ಇಡೀ ಬಸ್‌ಸ್ಟ್ಯಾಂಡಿಗೆ ಕೂಗಿ ಹೇಳಬೇಕೆನಿಸಿತು.

ಅವಳು ಉಳಿದ ನೀರನ್ನೆಲ್ಲ ಗಟಗಟ ಕುಡಿದು, ಖಾಲಿ ಬಾಟಲಿಯನ್ನು ನನ್ನ ಕೈಗಿಟ್ಟಳು.

"ಏನ್ ನೋಡ್ತೀಬೇ? ತುಂಬಿಸ್ಕೊಂಡ್ ಬಾ. ಅಫಜಲಪುರ ಇನ್ನೂ ದೂರ ಅದ."